ಮೊನಾಕೊದಲ್ಲಿ ಸೈಡ್ ಕೊಡದ ಸೆನ್ನಾ

ಪ್ರತಿವರ್ಷ ಮೊನಾಕೊ ಗ್ರ್ಯಾಂಡ್ ಪ್ರಿ ಮುಗಿದ ಮರುದಿನ ಹೈದರಾಬಾದಿನ ನಮ್ಮ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಜಗಳ. ಅದು ರೇಸ್ ಅಲ್ಲ, ಮೆರವಣಿಗೆ ಎಂದು ಒಬ್ಬ ಶುರುಮಾಡುತ್ತಾನೆ. ಒಬ್ಬರನ್ನೊಬ್ಬರು ಹಿಂದಿಕ್ಕಲು ಆಗದಿದ್ದರೆ ಎರಡು ತಾಸು ಕೂತು ನೋಡುವುದೇಕೆ, ಹಿಂದಿನ ಕಾರಿಗೆ ಇನ್ನಷ್ಟು ಶಕ್ತಿ ಕೊಡುವ ಬಟನ್ ಇಡಲಿ ಎಂದು ಇನ್ನೊಬ್ಬ. ಗುಂಪಿನಲ್ಲಿ ಕನ್ನಡದವರು ಮೂವರು, ಉಳಿದವರು ತೆಲುಗಿನವರು, ತಮಿಳಿನವರು. ಈ ವಿಷಯದಲ್ಲಿ ಮಾತ್ರ ಭಾಷೆಭೇದವಿಲ್ಲದೆ ಎಲ್ಲರೂ ಒಂದು ಕಡೆ, ನಾನೊಬ್ಬ ಒಂದು ಕಡೆ.

ನಾನು ಸಕಲೇಶಪುರದವನು. ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿಯ ಹಿಂದೆ ತೆವಳುವ ಬಸ್ಸಿನಲ್ಲಿ ಕೂತು ಬೆಳೆದವನು. ರಸ್ತೆ ಕಿರಿದಾದರೆ ಹಿಂದಿನ ಗಾಡಿಯ ಎಂಜಿನ್ ಎಷ್ಟು ದೊಡ್ಡದಿದ್ದರೂ ಅಷ್ಟೇ, ಮುಂದಿನವನು ಸೈಡ್ ಕೊಟ್ಟರೆ ಮಾತ್ರ ದಾರಿ. ಘಾಟಿಯ ರಸ್ತೆಯಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಗುಂಪಿನಲ್ಲಿ ವಾದ ಮಾಡುವಾಗ ನಾನು ಘಾಟಿಯ ಕಥೆ ಹೇಳುವುದಿಲ್ಲ, ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ. ಅವನು ತೀರಿಕೊಂಡು ಮೂವತ್ತು ವರ್ಷ ದಾಟಿದೆ. ಮೊನಾಕೊದಲ್ಲಿ ಅವನಷ್ಟು ಸಲ ಗೆದ್ದವರು ಇವತ್ತಿಗೂ ಇಲ್ಲ.

ಐರ್ಟನ್ ಸೆನ್ನಾ ಡ ಸಿಲ್ವಾ ಹುಟ್ಟಿದ್ದು 1960ರ ಮಾರ್ಚ್ 21ರಂದು, ಬ್ರೆಜಿಲ್‌ನ ಸಾವೊ ಪೌಲೊದಲ್ಲಿ. ಅನುಕೂಲಸ್ಥ ಮನೆತನ. ಅಪ್ಪ ಮಿಲ್ಟನ್ ಉದ್ಯಮಿ. ಚಿಕ್ಕಂದಿನಲ್ಲಿ ಹುಡುಗನ ಕೈಕಾಲು ಹಿಡಿತಕ್ಕೆ ಬರದೆ ಎಡವುತ್ತಿದ್ದನಂತೆ. ನಾಲ್ಕು ವರ್ಷವಾದಾಗ ಅಪ್ಪ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೂಡಿಸಿ ಒಂದು ಪುಟ್ಟ ಕಾರ್ಟ್ ಮಾಡಿಕೊಟ್ಟರು. ಸ್ಟಿಯರಿಂಗ್ ಹಿಡಿದ ಮೇಲೆ ಎಡವುವ ಹುಡುಗ ಎಡವಲಿಲ್ಲ. ನಿಯಮದ ಪ್ರಕಾರ ಸ್ಪರ್ಧೆಗೆ ಇಳಿಯಲು ಹದಿಮೂರು ವರ್ಷ ತುಂಬಬೇಕಿತ್ತು. ತುಂಬಿದ ಕೂಡಲೇ ಇಂಟರ್‌ಲಾಗೋಸ್‌ನಲ್ಲಿ ಇಳಿದ.

ಮಳೆಯಲ್ಲಿ ಓಡಿಸಿದ ಮೊದಲ ರೇಸಿನಲ್ಲಿ ಅವನು ಕೆಟ್ಟದಾಗಿ ಸೋತ. ಅಲ್ಲಿಂದ ಮುಂದೆ ಊರಿನಲ್ಲಿ ಮಳೆ ಬಿದ್ದಾಗಲೆಲ್ಲ ಉಳಿದ ಮಕ್ಕಳು ಮನೆಯೊಳಗೆ ಓಡಿದರೆ ಇವನು ಕಾರ್ಟ್ ಎಳೆದುಕೊಂಡು ಹೊರಗೆ ಹೋಗುತ್ತಿದ್ದ. ಮುಂದೆ ಮಳೆಯಲ್ಲಿ ಅವನನ್ನು ಮೀರಿಸುವವರು ಸಿಗುವುದೇ ಕಷ್ಟವಾಯಿತು. ಹಾಗಿದ್ದೂ ಕಾರ್ಟಿಂಗ್‌ನ ವಿಶ್ವ ಪ್ರಶಸ್ತಿ ಅವನಿಗೆ ಒಮ್ಮೆಯೂ ದಕ್ಕಲಿಲ್ಲ. 1979 ಮತ್ತು 1980ರಲ್ಲಿ ಎರಡನೇ ಸ್ಥಾನ. ಅದರ ನೋವು ಕೊನೆಯವರೆಗೂ ಇತ್ತು.

1981ರಲ್ಲಿ ಮದುವೆಯಾಗಿ ಹೆಂಡತಿ ಲಿಲಿಯನ್ ಜೊತೆ ಇಂಗ್ಲೆಂಡಿಗೆ ಹೋದ. ಅಲ್ಲಿ ಫಾರ್ಮುಲಾ ಫೋರ್ಡ್ ಎಂಬ ಸಣ್ಣ ಕಾರುಗಳ ರೇಸ್‌ಗಳನ್ನು ಗೆದ್ದರೂ ವರ್ಷದ ಕೊನೆಗೆ ಎಲ್ಲ ಬಿಟ್ಟು ಊರಿಗೆ ಹೊರಟುಬಿಟ್ಟ. ಮನೆಯ ವ್ಯವಹಾರ ನೋಡಿಕೊಳ್ಳಲಿ ಎಂಬುದು ಅಪ್ಪನ ಆಸೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಎಳೆದಾಟ ಹೊಸದಲ್ಲ. ಕೆಲವೇ ತಿಂಗಳಲ್ಲಿ ಅವನು ಇಂಗ್ಲೆಂಡಿಗೆ ವಾಪಸಾದ, ಒಬ್ಬನೇ. ಮದುವೆ ಉಳಿಯಲಿಲ್ಲ. ಡ ಸಿಲ್ವಾ ಎಂಬ ಅಡ್ಡಹೆಸರು ಬ್ರೆಜಿಲ್‌ನಲ್ಲಿ ಬೀದಿಗೆ ಹತ್ತು ಸಿಗುತ್ತದೆಂದು ತಾಯಿಯ ಕಡೆಯ ಸೆನ್ನಾ ಎಂಬ ಹೆಸರನ್ನೇ ಇಟ್ಟುಕೊಂಡ. 1983ರಲ್ಲಿ ಬ್ರಿಟಿಷ್ ಫಾರ್ಮುಲಾ ತ್ರೀ ಗೆದ್ದು, ಅದೇ ವರ್ಷ ಮಕಾವ್‌ನ ಬೀದಿಗಳಲ್ಲೂ ಗೆದ್ದ. ಮರುವರ್ಷ ಫಾರ್ಮುಲಾ ಒನ್.

ಬೀದಿ ಸರ್ಕ್ಯೂಟ್ ಅಂದರೆ ಏನೆಂದು ಇಲ್ಲಿ ಸ್ವಲ್ಪ ಹೇಳಬೇಕು. ಬುದ್ಧ ಸರ್ಕ್ಯೂಟ್‌ನಂತೆ ರೇಸಿಗೆಂದೇ ಕಟ್ಟಿದ ಟ್ರ್ಯಾಕ್‌ನಲ್ಲಿ ರಸ್ತೆ ಅಗಲ, ತಪ್ಪಿದರೆ ಪಕ್ಕದಲ್ಲಿ ಖಾಲಿ ಜಾಗ. ಮೊನಾಕೊದಲ್ಲಿ ಜನ ದಿನಾ ಓಡಾಡುವ ರಸ್ತೆಗೇ ಎರಡೂ ಬದಿ ಕಬ್ಬಿಣದ ತಡೆಬೇಲಿ ಕಟ್ಟಿ ಅದನ್ನೇ ಟ್ರ್ಯಾಕ್ ಅನ್ನುತ್ತಾರೆ. ಒಂದು ಸುತ್ತು ಮೂರೂಕಾಲು ಕಿಲೋಮೀಟರ್ ಚಿಲ್ಲರೆ, ರೇಸಿಗೆ 78 ಸುತ್ತು. ಒಂದು ಹೇರ್‌ಪಿನ್ ತಿರುವಿನಲ್ಲಿ ಕಾರುಗಳು ನಮ್ಮ ಸ್ಕೂಟರ್‌ನ ವೇಗಕ್ಕೆ ಇಳಿಯುತ್ತವೆ. ಶುರುವಿನ ನೇರ ರಸ್ತೆ ಎನ್ನುವುದೂ ನೇರವಿಲ್ಲ, ಬಲಕ್ಕೆ ಬಾಗಿದೆ. ಒಂದು ಕಾರು ಇನ್ನೊಂದನ್ನು ಹಿಂದಿಕ್ಕಬೇಕಾದರೆ ಮೊದಲು ಜೋರಾಗಿ ಬ್ರೇಕ್ ಹೊಡೆಯುವ ಒಂದು ಜಾಗ ಬೇಕು, ಆ ಜಾಗದಲ್ಲಿ ಎರಡು ಕಾರು ಜೋಡಿಯಾಗಿ ನಿಲ್ಲುವ ಅಗಲ ಬೇಕು. ಮೊನಾಕೊದಲ್ಲಿ ಅಂಥದ್ದು ಹೆಚ್ಚೆಂದರೆ ಎರಡು: ಮೊದಲ ತಿರುವು ಸಾಂತ್ ದೆವೋತ್, ಮತ್ತು ಸುರಂಗ ದಾಟಿದ ಮೇಲೆ ಬಂದರಿನ ಪಕ್ಕ ಬರುವ ಶಿಕೇನ್. ಅವೂ ಇಕ್ಕಟ್ಟೇ.

ಆ ಇಕ್ಕಟ್ಟಿನಲ್ಲೇ 1984ರ ಜೂನ್ 3ರಂದು, ಧಾರಾಕಾರ ಮಳೆಯಲ್ಲಿ, 24 ವರ್ಷದ ಸೆನ್ನಾ ಟೋಲ್‌ಮನ್ ಎಂಬ ಬಡ ತಂಡದ ಕಾರಿನಲ್ಲಿ ಹದಿಮೂರನೇ ಜಾಗದಿಂದ ಹೊರಟ. ಒಬ್ಬೊಬ್ಬರನ್ನೇ ದಾಟುತ್ತ, ವಿಶ್ವ ಚಾಂಪಿಯನ್ ಆಗಿದ್ದ ನಿಕಿ ಲೌಡಾನನ್ನೂ ದಾಟಿ ಎರಡನೇ ಸ್ಥಾನಕ್ಕೆ ಬಂದ. ಮುಂದಿದ್ದವನು ಮೆಕ್‌ಲಾರೆನ್‌ನ ಅಲೆನ್ ಪ್ರಾಸ್ಟ್ ಒಬ್ಬನೇ. ಪ್ರತಿ ಸುತ್ತಿಗೂ ಅಂತರ ಕರಗುತ್ತಿತ್ತು. ಅಷ್ಟರಲ್ಲಿ ಮಳೆ ಹೆಚ್ಚಾಯಿತೆಂದು ರೇಸ್ ನಿಲ್ಲಿಸಿದರು. 31 ಸುತ್ತಿನ ಲೆಕ್ಕ ಹಿಡಿದು ಪ್ರಾಸ್ಟ್ ಗೆದ್ದನೆಂದು ಘೋಷಿಸಿದರು. ಅರ್ಧ ರೇಸೂ ಆಗದ ಕಾರಣ ಅವನಿಗೆ ಸಿಕ್ಕಿದ್ದು ಅರ್ಧ ಅಂಕ, ನಾಲ್ಕೂವರೆ. ಆ ವರ್ಷದ ಚಾಂಪಿಯನ್‌ಶಿಪ್ಪನ್ನು ಪ್ರಾಸ್ಟ್ ಲೌಡಾಗೆ ಸೋತದ್ದು ಬರೀ ಅರ್ಧ ಅಂಕದಿಂದ. ರೇಸ್ ಪೂರ್ತಿ ನಡೆದು ಸೆನ್ನಾನ ಹಿಂದೆ ಎರಡನೆಯವನಾಗಿ ಬಂದಿದ್ದರೂ ಆರು ಅಂಕ ಸಿಕ್ಕಿ ಅವನೇ ಚಾಂಪಿಯನ್ ಆಗುತ್ತಿದ್ದ.

ಅಂದು ಇನ್ನೊಬ್ಬ ಹುಡುಗನೂ ಇದ್ದ, ಜರ್ಮನಿಯ ಸ್ಟೀಫನ್ ಬೆಲೋಫ್. ಎಲ್ಲರಿಗಿಂತ ಹಿಂದೆ ನಿಂತು ಹೊರಟವನು ಮೂರನೇ ಸ್ಥಾನಕ್ಕೆ ಬಂದು ಸೆನ್ನಾನನ್ನೂ ಸಮೀಪಿಸುತ್ತಿದ್ದ. ಅವನ ಕಾರಿಗೆ ಟರ್ಬೊ ಕೂಡ ಇರಲಿಲ್ಲ. ಗುಂಪಿನ ಗೆಳೆಯರಿಗೆ ನಾನು ಮೊದಲು ಎಸೆಯುವ ಪ್ರಶ್ನೆ ಇದು: ಮೊನಾಕೊದಲ್ಲಿ ಓವರ್‌ಟೇಕ್ ಸಾಧ್ಯವೇ ಇಲ್ಲವೆಂದಾದರೆ ಆ ದಿನ ಈ ಇಬ್ಬರು ಮಾಡಿದ್ದೇನು? ಮಳೆ ಬಂದರೆ ಕಾರಿನ ಶಕ್ತಿಯ ಲೆಕ್ಕ ತಪ್ಪುತ್ತದೆ, ಬ್ರೇಕ್ ಹೊಡೆಯುವ ದೂರ ಉದ್ದವಾಗುತ್ತದೆ, ಕೈಗುಣ ಮೇಲೆ ಬರುತ್ತದೆ. ಅಲ್ಲಿ ಕೆಲಸ ಮಾಡಿದ್ದು ಬ್ರೇಕ್ ಹೊಡೆಯುವ ಜಾಗ. ಹೆಚ್ಚಿನ ವೇಗ ಅಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1985ರಲ್ಲಿ ಲೋಟಸ್ ತಂಡ ಸೇರಿ ಪೋರ್ಚುಗಲ್‌ನ ಮಳೆಯಲ್ಲಿ ಮೊದಲ ಗೆಲುವು ಕಂಡ. ಮೊನಾಕೊದಲ್ಲಿ ಮೊದಲು ಗೆದ್ದದ್ದು 1987ರಲ್ಲಿ. ಆ ಗೆಲುವಿನ ಬಗ್ಗೆ ನನಗೆ ವಿಶೇಷ ಪ್ರೀತಿ, ಯಾಕೆಂದರೆ ನಾನು ಎಂ.ಟೆಕ್ ಓದಿದ್ದು ಕಂಟ್ರೋಲ್ ಸಿಸ್ಟಮ್ಸ್. ಆ ಲೋಟಸ್ ಕಾರಿನಲ್ಲಿ ಆ್ಯಕ್ಟಿವ್ ಸಸ್ಪೆನ್ಷನ್ ಇತ್ತು. ರಸ್ತೆಯ ಉಬ್ಬುತಗ್ಗನ್ನು ಸೆನ್ಸರ್‌ಗಳು ಅಳೆದು, ಕಂಪ್ಯೂಟರ್ ಲೆಕ್ಕ ಹಾಕಿ, ಹೈಡ್ರಾಲಿಕ್ ಒತ್ತಡದಿಂದ ಕಾರಿನ ಎತ್ತರವನ್ನು ಕ್ಷಣಕ್ಷಣಕ್ಕೂ ಸರಿಹೊಂದಿಸುವ ವ್ಯವಸ್ಥೆ. ಅಂಥ ಕಾರು ಫಾರ್ಮುಲಾ ಒನ್‌ನಲ್ಲಿ ಗೆದ್ದದ್ದು ಅದೇ ಮೊದಲು. ಉಬ್ಬುತಗ್ಗಿನ ಬೀದಿಯಲ್ಲಿ ಅದು ಚಾಲಕನ ಮೈಕೈ ಉಳಿಸಿತು. ಅಂದರೆ ಸೆನ್ನಾ ಯಂತ್ರದ ಸಹಾಯ ಪಡೆಯದ ಋಷಿಯೇನಲ್ಲ.

ಆದರೆ ಈ ಸಹಾಯಕ್ಕೂ ನಮ್ಮ ಗುಂಪಿನವರು ಕೇಳುವ ಬಟನ್‌ಗೂ ವ್ಯತ್ಯಾಸ ಇದೆ. ಆ್ಯಕ್ಟಿವ್ ಸಸ್ಪೆನ್ಷನ್ನನ್ನು ಯಾರು ಬೇಕಾದರೂ ಕಟ್ಟಬಹುದಿತ್ತು. ಕಟ್ಟುವ ತಾಕತ್ತು, ಹಣ ಇದ್ದವರು ಕಟ್ಟಿದರು, ಮುಂದಿದ್ದಾಗಲೂ ಹಿಂದಿದ್ದಾಗಲೂ ಬಳಸಿದರು. ಓವರ್‌ಟೇಕ್ ಬಟನ್ ಹಾಗಲ್ಲ. ನಿಯಮವೇ ಅದನ್ನು ಹಿಂದಿನವನ ಕೈಗೆ ಕೊಡುತ್ತದೆ, ಮುಂದಿನವನ ಕೈಯಿಂದ ಕಿತ್ತುಕೊಳ್ಳುತ್ತದೆ. ಮುಂದಿರುವುದೇ ತಪ್ಪು ಎಂಬಂತೆ.

1988ರಲ್ಲಿ ಸೆನ್ನಾ ಮೆಕ್‌ಲಾರೆನ್ ಸೇರಿ ಪ್ರಾಸ್ಟ್‌ನ ಜೊತೆಗಾರನಾದ. ಆ ವರ್ಷ ಮೊನಾಕೊದ ಅರ್ಹತಾ ಸುತ್ತಿನಲ್ಲಿ, ಅದೇ ಕಾರಿನಲ್ಲಿ, ಪ್ರಾಸ್ಟ್‌ನಂಥ ಪ್ರಾಸ್ಟ್‌ಗಿಂತ 1.427 ಸೆಕೆಂಡು ವೇಗ. ಸೆಕೆಂಡಿನ ಸಾವಿರದ ಭಾಗ ಲೆಕ್ಕ ಹಾಕುವ ಆಟದಲ್ಲಿ ಇದು ಒಂದು ಯುಗ. ಮರುದಿನ ರೇಸಿನಲ್ಲಿ ಪ್ರಾಸ್ಟ್ ಶುರುವಿನಲ್ಲೇ ಗೇರ್ ತಪ್ಪಿ ಫೆರಾರಿಯ ಗೆರ್ಹಾರ್ಡ್ ಬರ್ಗರ್‌ನ ಹಿಂದೆ ಬಿದ್ದ. ಆ ಋತುವಿನ 16 ರೇಸ್‌ಗಳಲ್ಲಿ 15 ಗೆದ್ದ ಮೆಕ್‌ಲಾರೆನ್ ಕಾರು ಅದು. ಆದರೂ ಬರ್ಗರ್‌ನನ್ನು ದಾಟಲು ಪ್ರಾಸ್ಟ್‌ಗೆ ಐವತ್ತಕ್ಕೂ ಹೆಚ್ಚು ಸುತ್ತು ಬೇಕಾಯಿತು. ಅಷ್ಟರಲ್ಲಿ ಸೆನ್ನಾ ಮುಕ್ಕಾಲು ನಿಮಿಷಕ್ಕೂ ಹೆಚ್ಚು ಮುಂದಿದ್ದ. ನಿಧಾನಿಸು ಎಂದು ತಂಡ ಸೂಚನೆ ಕೊಟ್ಟಿತು. ನಿಧಾನಿಸಿದ, ಏಕಾಗ್ರತೆ ಹೋಯಿತು. ರೇಸ್ ಮುಗಿಯಲು ಹತ್ತು ಹನ್ನೆರಡು ಸುತ್ತು ಇರುವಾಗ ಸುರಂಗಕ್ಕೆ ಮೊದಲಿನ ಪೋರ್ಟಿಯೆ ತಿರುವಿನಲ್ಲಿ ತಡೆಬೇಲಿಗೆ ಗುದ್ದಿದ. ಪಿಟ್‌ಗೆ ವಾಪಸ್ ಬರದೆ ಹತ್ತಿರದಲ್ಲೇ ಇದ್ದ ತನ್ನ ಫ್ಲ್ಯಾಟಿಗೆ ನಡೆದುಹೋದ. ಸಂಜೆವರೆಗೂ ತಂಡದವರ ಕೈಗೆ ಸಿಗಲಿಲ್ಲ.

ಆ ವರ್ಷ ಅವನು ಮೊದಲ ಸಲ ವಿಶ್ವ ಚಾಂಪಿಯನ್ ಆದ. ಮುಂದಿನ ಎರಡು ವರ್ಷದ ಕಥೆ ಅಷ್ಟು ಚೆನ್ನಾಗಿಲ್ಲ, ಹೇಳದೆ ದಾಟುವಂತೆಯೂ ಇಲ್ಲ. 1989ರಲ್ಲಿ ಜಪಾನ್‌ನ ಸುಜುಕಾದಲ್ಲಿ ಪ್ರಾಸ್ಟ್‌ನನ್ನು ದಾಟಲು ಹೋದಾಗ ಎರಡೂ ಕಾರು ಸಿಕ್ಕಿಕೊಂಡವು. ಸೆನ್ನಾ ಮತ್ತೆ ಹೊರಟು ಮೊದಲು ಗುರಿ ಮುಟ್ಟಿದರೂ ಅನರ್ಹನೆಂದರು, ಚಾಂಪಿಯನ್‌ಶಿಪ್ ಪ್ರಾಸ್ಟ್‌ಗೆ ಹೋಯಿತು. 1990ರಲ್ಲಿ ಅದೇ ಸುಜುಕಾದ ಮೊದಲ ತಿರುವಿನಲ್ಲಿ, ಇನ್ನೂರು ಕಿ.ಮೀ. ಮೀರಿದ ವೇಗದಲ್ಲಿ, ಸೆನ್ನಾ ಪ್ರಾಸ್ಟ್‌ನ ಫೆರಾರಿಗೆ ಕಾರು ನುಗ್ಗಿಸಿದ. ಇಬ್ಬರೂ ಹೊರಬಿದ್ದರು, ಚಾಂಪಿಯನ್‌ಶಿಪ್ ಸೆನ್ನಾಗೆ ಬಂತು. ಬೇಕೆಂದೇ ಮಾಡಿದ್ದೆಂದು ಮರುವರ್ಷ ತಾನೇ ಒಪ್ಪಿಕೊಂಡ. ಅಂದು ಇಬ್ಬರೂ ಎದ್ದು ನಡೆದುಹೋದದ್ದು ಅದೃಷ್ಟ. ಅವನ ಅಭಿಮಾನಿಗಳು ಇದಕ್ಕೆ ನೂರು ಸಮಜಾಯಿಷಿ ಕೊಡುತ್ತಾರೆ. ನನಗೆ ಒಂದೂ ಒಪ್ಪಿಗೆಯಿಲ್ಲ.

ಅವನ ಓವರ್‌ಟೇಕಿನ ಗುಟ್ಟೂ ಇದರಲ್ಲೇ ಸ್ವಲ್ಪ ಇತ್ತು. ಹಳದಿ ಹೆಲ್ಮೆಟ್ ಕನ್ನಡಿಯಲ್ಲಿ ಕಂಡರೆ ಮುಂದಿನವರು ಜಾಗ ಬಿಡುತ್ತಿದ್ದರು. ಇವನು ಹಿಂದೆ ಸರಿಯುವವನಲ್ಲ ಎಂದು ಗೊತ್ತಿತ್ತು. ಎಲ್ಲರೂ ಹೆದರಲಿಲ್ಲ ಅನ್ನಿ. 1990ರಲ್ಲಿ ಅಮೆರಿಕದ ಫೀನಿಕ್ಸ್ ಬೀದಿಗಳಲ್ಲಿ ಟಿರೆಲ್ ಕಾರಿನ ಜಾನ್ ಅಲೆಸಿ ಎಂಬ ಹೊಸ ಹುಡುಗನನ್ನು ಸೆನ್ನಾ ಮೊದಲ ತಿರುವಿನಲ್ಲಿ ದಾಟಿದ. ಅಲೆಸಿ ಮುಂದಿನ ತಿರುವಿನಲ್ಲೇ ಮತ್ತೆ ಮುಂದೆ ಬಂದ. ಸೆನ್ನಾ ಇನ್ನೊಂದು ಸುತ್ತು ಕಾದು ಮತ್ತೆ ದಾಟಿದ. ಯೂಟ್ಯೂಬ್‌ನಲ್ಲಿ ಸಿಗುತ್ತದೆ, ನೋಡಿ. ಅದೂ ಬೀದಿಯೇ. ಆದರೆ ನಮ್ಮ ಮೈಸೂರಿನ ಕುವೆಂಪುನಗರದ ಹಾಗೆ ಚೌಕಾಕಾರದ ಬಡಾವಣೆ: ನೇರ ರಸ್ತೆ, ತುದಿಯಲ್ಲಿ ಲಂಬ ತಿರುವು, ಬ್ರೇಕ್ ಹೊಡೆಯಲು ಬೇಕಾದಷ್ಟು ಜಾಗ. ಅಲ್ಲಿ ಯಾವ ಬಟನ್ನೂ ಬೇಕಾಗಲಿಲ್ಲ.

ಇನ್ನು 1992ರ ಮೇ 31. ವಿಲಿಯಮ್ಸ್ ತಂಡದ ನೈಜಲ್ ಮ್ಯಾನ್ಸೆಲ್ ಆ ವರ್ಷದ ಮೊದಲ ಐದೂ ರೇಸ್ ಗೆದ್ದು ಮೊನಾಕೊಗೆ ಬಂದಿದ್ದ. ಅವನ ಕಾರಿನಲ್ಲಿ ಆ್ಯಕ್ಟಿವ್ ಸಸ್ಪೆನ್ಷನ್, ಟ್ರ್ಯಾಕ್ಷನ್ ಕಂಟ್ರೋಲ್ ಎಲ್ಲ ಇತ್ತು. ಸೆನ್ನಾನ ಮೆಕ್‌ಲಾರೆನ್ ಅದರ ಮುಂದೆ ಹಳೆಯ ಕಾಲದ್ದು. ಅರ್ಹತಾ ಸುತ್ತಿನಲ್ಲಿ ಒಂದು ಸೆಕೆಂಡಿಗೂ ಹೆಚ್ಚು ಹಿಂದೆ ಬಿದ್ದು ಮೂರನೇ ಜಾಗ. ರೇಸ್ ಶುರುವಾದ ಕೂಡಲೇ ಸಾಂತ್ ದೆವೋತ್‌ನಲ್ಲಿ ಇನ್ನೊಂದು ವಿಲಿಯಮ್ಸ್‌ನಲ್ಲಿದ್ದ ರಿಕಾರ್ಡೊ ಪಟ್ರೇಸೆಯನ್ನು ಒಳಗಿನಿಂದ ದಾಟಿ ಎರಡನೆಯವನಾದ. ಎಲ್ಲರೂ ಆ ರೇಸಿನ ಕೊನೆಯ ಸುತ್ತುಗಳ ಬಗ್ಗೆ ಮಾತಾಡುತ್ತಾರೆ. ನನಗೆ ಮಾತ್ರ ಗೆಲುವು ಅಲ್ಲೇ, ಆ ಮೊದಲ ತಿರುವಿನಲ್ಲೇ ಸಿಕ್ಕಿತು ಅನಿಸುತ್ತದೆ.

ಎಪ್ಪತ್ತು ಸುತ್ತು ಏನೂ ನಡೆಯಲಿಲ್ಲ. ಮ್ಯಾನ್ಸೆಲ್ ಸುಮಾರು ಅರ್ಧ ನಿಮಿಷ ಮುಂದಿದ್ದ. ಆಮೇಲೆ ಅವನ ಕಾರಿನ ಹಿಂದಿನ ಒಂದು ಚಕ್ರ ಸಡಿಲವಾಯಿತು. ಪಿಟ್‌ಗೆ ಬಂದ, ಟಯರ್ ಬದಲಿಸಿದ, ಹೊರಬರುವಷ್ಟರಲ್ಲಿ ಸೆನ್ನಾ ಐದು ಸೆಕೆಂಡು ಮುಂದಿದ್ದ. ಉಳಿದದ್ದು ಆರೇಳು ಸುತ್ತು. ಮ್ಯಾನ್ಸೆಲ್‌ಗೆ ಹೊಸ ಟಯರ್, ಸೆನ್ನಾಗೆ ಸವೆದು ಹೋದ ಟಯರ್. ಮ್ಯಾನ್ಸೆಲ್ 74ನೇ ಸುತ್ತನ್ನು 1 ನಿಮಿಷ 21.598 ಸೆಕೆಂಡಿನಲ್ಲಿ ಮುಗಿಸಿ ದಾಖಲೆ ಬರೆದ. ಐದು ಸೆಕೆಂಡಿನ ಅಂತರ ಕಣ್ಣೆದುರೇ ಕರಗಿ ಅವನ ಕಾರು ಸೆನ್ನಾನ ಬೆನ್ನಿಗೆ ಅಂಟಿಕೊಂಡಿತು.

ಆಮೇಲಿನ ಮೂರು ಸುತ್ತುಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸುರಂಗದಿಂದ ಹೊರಬಂದಾಗ ಮ್ಯಾನ್ಸೆಲ್ ಎಡಕ್ಕೆ ಹೋಗುತ್ತಾನೆ, ಬಲಕ್ಕೆ ಬರುತ್ತಾನೆ, ಕನ್ನಡಿ ತುಂಬಾ ತಾನೇ ಕಾಣಿಸುತ್ತಾನೆ. ಸೆನ್ನಾ ಅಡ್ಡಾದಿಡ್ಡಿ ಓಡಿಸುವುದಿಲ್ಲ. ಬ್ರೇಕ್ ಹೊಡೆಯುವ ಜಾಗ ಬಂದಾಗ ಕಾರು ರಸ್ತೆಯ ನಡುಮಧ್ಯೆ ಇರುವಂತೆ ನೋಡಿಕೊಳ್ಳುತ್ತಾನೆ, ಅಷ್ಟೇ. ಎಡಬಲ ಎರಡೂ ಕಡೆ ಅರ್ಧ ಅರ್ಧ ಜಾಗ ಉಳಿಯುತ್ತದೆ, ಯಾವುದರಲ್ಲೂ ಇಡೀ ಕಾರು ತೂರುವುದಿಲ್ಲ. ತಿರುವಿನಿಂದ ಹೊರಬರುವಾಗ ಎಲ್ಲಕ್ಕಿಂತ ಮೊದಲು ಆಕ್ಸಿಲರೇಟರ್ ಒತ್ತಿ, ಹೋಂಡಾದ ವಿ-12 ಎಂಜಿನ್‌ನ ಜಿಗಿತವನ್ನು ಪೂರ್ತಿ ಬಳಸುತ್ತಾನೆ. ಸವೆದ ಟಯರ್‌ನಲ್ಲಿ ಹಿಂಬದಿ ಜಾರುತ್ತದೆ, ಹಿಡಿಯುತ್ತಾನೆ. ಒಂದೇ ಒಂದು ಸಲ ಹಿಡಿತ ತಪ್ಪಿದ್ದರೂ ಕಥೆ ಮುಗಿಯುತ್ತಿತ್ತು. ತಪ್ಪಲಿಲ್ಲ. 0.215 ಸೆಕೆಂಡಿನಿಂದ ಗೆದ್ದ. ರೇಸ್ ಮುಗಿದ ಮೇಲೆ ಮ್ಯಾನ್ಸೆಲ್ ನಿಲ್ಲಲೂ ಆಗದೆ ಕುಸಿದು ಕೂತ.

ಆ ದಿನ ಮ್ಯಾನ್ಸೆಲ್‌ಗೆ ಬಟನ್ ಇದ್ದಿದ್ದರೆ? ಗುಂಪಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. 2011ರಿಂದ 2025ರವರೆಗೆ ಫಾರ್ಮುಲಾ ಒನ್‌ನಲ್ಲಿ ಡಿಆರ್‌ಎಸ್ ಇತ್ತು. ಕ್ರಿಕೆಟ್ಟಿನ ಡಿಆರ್‌ಎಸ್ ಅಲ್ಲ. ಮುಂದಿನ ಕಾರಿಗಿಂತ ಒಂದು ಸೆಕೆಂಡಿನೊಳಗೆ ಹಿಂದಿದ್ದರೆ, ಗೊತ್ತುಮಾಡಿದ ನೇರ ರಸ್ತೆಯಲ್ಲಿ ಹಿಂದಿನ ರೆಕ್ಕೆಯ ಒಂದು ಪಟ್ಟಿಯನ್ನು ತೆರೆದು ಗಾಳಿಯ ತಡೆ ಕಡಿಮೆ ಮಾಡಿಕೊಳ್ಳುವ ವ್ಯವಸ್ಥೆ. ಮುಂದಿನವನು ಅದನ್ನು ತೆರೆಯುವಂತಿಲ್ಲ. ಮೊನಾಕೊದಲ್ಲಿ ಅದನ್ನು ಬಳಸಲು ಬಿಟ್ಟದ್ದು ಶುರುವಿನ ಆ ಬಾಗಿದ ರಸ್ತೆಯಲ್ಲಿ. ನಿಜವಾಗಿ ವೇಗ ಸಿಗುವ ಸುರಂಗದಲ್ಲಿ ಅಪಾಯವೆಂದು ನಿಷೇಧಿಸಿದರು. ಬಂದ ಮೊದಲ ವರ್ಷವೇ, 2011ರಲ್ಲಿ, ಸೆಬಾಸ್ಟಿಯನ್ ವೆಟೆಲ್ ಹಳೆಯ ಟಯರ್‌ನಲ್ಲಿ ಮುಂದೆ, ಫರ್ನಾಂಡೊ ಅಲೋನ್ಸೊ ಮತ್ತು ಜೆನ್ಸನ್ ಬಟನ್ ಹೊಸ ಟಯರ್, ಡಿಆರ್‌ಎಸ್ ಎರಡೂ ಇಟ್ಟುಕೊಂಡು ಹಿಂದೆ. ದಾಟಲಾಗಲಿಲ್ಲ. ಬೇರೆಯವರ ಅಪಘಾತದಿಂದ ರೇಸ್ ನಿಲ್ಲಿಸಿ ವೆಟೆಲ್‌ಗೂ ಟಯರ್ ಬದಲಿಸಲು ಅವಕಾಶ ಸಿಕ್ಕಿ, ಅವನೇ ಗೆದ್ದ.

1984ರ ಮಳೆಯ ಬಗ್ಗೆ ಹೇಳಿದ್ದು ನೆನಪಿದೆಯಲ್ಲ? ಮೊನಾಕೊದಲ್ಲಿ ಕೊರತೆ ಇರುವುದು ಅಗಲಕ್ಕೆ, ಬ್ರೇಕ್ ಹೊಡೆಯುವ ಜಾಗಕ್ಕೆ. ಬಟನ್ ಕೊಡುವುದು ನೇರ ರಸ್ತೆಯ ವೇಗ. ನೆಟ್‌ವರ್ಕ್ ನಿಧಾನವಿದ್ದಾಗ ಹೊಸ ಪ್ರೊಸೆಸರ್ ಹಾಕಿದ ಹಾಗೆ. ಅದೇ ಬಟನ್ನನ್ನು ಬಾಕುವಿನಂಥ ಊರಿಗೆ ಒಯ್ದರೆ, ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ನೇರ ರಸ್ತೆ ಇದೆ, ಹಿಂದಿನವನು ಹೈವೇಯಲ್ಲಿ ವೋಲ್ವೊ ಬಸ್ ಆಟೊವನ್ನು ದಾಟಿದಂತೆ ಸುಮ್ಮನೆ ದಾಟಿಕೊಂಡು ಹೋಗುತ್ತಾನೆ. ಇಕ್ಕಟ್ಟಿನ ಬೀದಿಯಲ್ಲಿ ಅದು ಕೆಲಸಕ್ಕೆ ಬಾರದು, ಉದ್ದದ ಬೀದಿಯಲ್ಲಿ ಅದು ಬೇಕಿಲ್ಲ. 2026ರ ನಿಯಮದಲ್ಲಿ ಡಿಆರ್‌ಎಸ್ ಹೋಯಿತು. ಅದರ ಬದಲು ಹತ್ತಿರ ಬಂದ ಹಿಂದಿನವನಿಗೆ ಹೆಚ್ಚುವರಿ ವಿದ್ಯುತ್ ಶಕ್ತಿ ಕೊಡುವ ಏರ್ಪಾಡು ಬಂತು. ಮೊನಾಕೊದ ಮಟ್ಟಿಗೆ ಹೆಸರು ಬದಲಾಯಿತು ಅನ್ನಬಹುದು.

ಎದುರು ವಾದದಲ್ಲಿ ಹುರುಳಿಲ್ಲ ಅನ್ನುತ್ತಿಲ್ಲ. 2024ರ ಮೊನಾಕೊ ರೇಸಿನಲ್ಲಿ ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲೇ ಮುಗಿಸಿದರು. ಫಾರ್ಮುಲಾ ಒನ್ ಇತಿಹಾಸದಲ್ಲೇ ಹಾಗಾಗಿರಲಿಲ್ಲ. ಅದನ್ನು ಸಮರ್ಥಿಸಲು ನನ್ನಿಂದಲೂ ಆಗದು. 2025ರಲ್ಲಿ ಎಲ್ಲರೂ ಎರಡು ಸಲ ಟಯರ್ ಬದಲಿಸಲೇಬೇಕೆಂದು ಮೊನಾಕೊಗೆಂದೇ ನಿಯಮ ತಂದರು. ಏನಾಯಿತು? ಕೆಲವು ತಂಡಗಳು ತಮ್ಮ ಒಂದು ಕಾರನ್ನು ಬೇಕೆಂದೇ ಆಮೆವೇಗದಲ್ಲಿ ಓಡಿಸಿ ಹಿಂದಿನವರನ್ನೆಲ್ಲ ತಡೆದು, ಇನ್ನೊಂದು ಕಾರಿಗೆ ಪಿಟ್‌ಗೆ ಹೋಗಿಬರುವಷ್ಟು ಸಮಯ ಮಾಡಿಕೊಟ್ಟವು. ಒಂದು ಬಗ್ ಸರಿಮಾಡಲು ಹಾಕಿದ ಪ್ಯಾಚ್ ಇನ್ನೊಂದು ಬಗ್ ತಂದಿತು. ನಮ್ಮ ವೃತ್ತಿಯವರಿಗೆ ಇದನ್ನು ವಿವರಿಸಬೇಕಿಲ್ಲ.

ಕಾರುಗಳು ದೊಡ್ಡವಾದದ್ದೇ ಕಾರಣ ಎನ್ನುವವರೂ ಇದ್ದಾರೆ. ಅರ್ಧ ನಿಜ. 1992ರಲ್ಲಿ ಕಾರಿನ ಕನಿಷ್ಠ ತೂಕ ಚಾಲಕನನ್ನು ಬಿಟ್ಟು 505 ಕೆ.ಜಿ. ಇತ್ತು, 2025ರಲ್ಲಿ ಚಾಲಕನೂ ಸೇರಿ 800 ಕೆ.ಜಿ. ಉದ್ದವೂ ಬೆಳೆದಿದೆ. ಆದರೆ ಅಗಲ? 1992ರ ಕಾರು 2.15 ಮೀಟರ್‌ವರೆಗೂ ಅಗಲವಿರಬಹುದಿತ್ತು, 2025ರದ್ದು 2 ಮೀಟರ್. ಸೆನ್ನಾ ರಸ್ತೆಗೆ ಅಡ್ಡ ನಿಲ್ಲಿಸಿದ ಗೋಡೆ ಇವತ್ತಿನದಕ್ಕಿಂತ ಒಂದು ಗೇಣಿನಷ್ಟು ದೊಡ್ಡದೇ ಇತ್ತು. 2026ರಲ್ಲಿ ಕಾರಿನ ಅಗಲ, ಉದ್ದ, ತೂಕ ಮೂರನ್ನೂ ಸ್ವಲ್ಪ ಇಳಿಸಿದ್ದಾರೆ. ಬಟನ್‌ಗಿಂತ ಇದು ಸರಿಯಾದ ದಾರಿ ಎಂಬುದು ನನ್ನ ಎಣಿಕೆ.

ಎಲ್ಲ ಸಹಾಯವೂ ಕೆಟ್ಟದ್ದು ಎಂದೂ ನಾನು ಹೇಳಲಾರೆ. 2023ರ ಫೆಬ್ರುವರಿ 11ರಂದು ನಮ್ಮ ಹೈದರಾಬಾದಿನಲ್ಲೇ, ಹುಸೇನ್ ಸಾಗರದ ಪಕ್ಕದ ರಸ್ತೆಗಳಲ್ಲಿ, ವಿದ್ಯುತ್ ಕಾರುಗಳ ಫಾರ್ಮುಲಾ ಇ ರೇಸ್ ನಡೆಯಿತು. 2.83 ಕಿಲೋಮೀಟರಿನ ಸುತ್ತು. ದಿನಾ ಹಾರ್ನ್ ಹೊಡೆದುಕೊಂಡು ಹೋಗುವ ರಸ್ತೆಯಲ್ಲಿ ಆ ಕಾರುಗಳು ಸುಂಯ್ ಎಂದು ಹೋಗುವುದನ್ನು ನೋಡಿ ಬಂದೆ. ಅಲ್ಲಿ ಅಟ್ಯಾಕ್ ಮೋಡ್ ಎಂಬುದಿದೆ. ಒಳ್ಳೆಯ ದಾರಿ ಬಿಟ್ಟು, ತಿರುವಿನ ಹೊರಬದಿಯ ಗುರುತಿನ ಮೇಲೆ ಹಾದುಬಂದರೆ ಸ್ವಲ್ಪ ಹೊತ್ತು 300 ಕಿಲೋವ್ಯಾಟ್ ಬದಲು 350 ಕಿಲೋವ್ಯಾಟ್ ಶಕ್ತಿ. ಮುಂದಿನವನಿಗೂ ಸಿಗುತ್ತದೆ, ಹಿಂದಿನವನಿಗೂ ಸಿಗುತ್ತದೆ. ಪಡೆಯಲು ಮೊದಲು ಒಂದಿಷ್ಟು ಸಮಯ ಕಳೆದುಕೊಳ್ಳಬೇಕು. ಬೆಲೆ ಕೊಟ್ಟು ಕೊಳ್ಳುವ ಸಹಾಯ ಇದು, ಪುಕ್ಕಟೆಯಲ್ಲ. ಹಾಗಿದ್ದೂ ಆ ರೇಸಿನ ಕೊನೆಯಲ್ಲಿ ಕಂಡದ್ದು 1992ರ ಆಟವನ್ನೇ. ಬ್ಯಾಟರಿಯಲ್ಲಿ ಕಡಿಮೆ ಶಕ್ತಿ ಉಳಿದಿದ್ದ ಜಾನ್ ಎರಿಕ್ ವೆರ್ನ್, ಬೆನ್ನಿಗಂಟಿದ್ದ ನಿಕ್ ಕ್ಯಾಸಿಡಿಗೆ ಸೈಡ್ ಕೊಡದೆ ಗೆದ್ದ. ಪಕ್ಕದಲ್ಲಿ ಕೂತಿದ್ದ ತೆಲುಗು ಹುಡುಗರು ಎದ್ದು ನಿಂತು ಕೂಗುತ್ತಿದ್ದರು. ಯಾರೂ ದಾಟಿರಲಿಲ್ಲ, ಆದರೂ ಕೂಗುತ್ತಿದ್ದರು.

ಸೆನ್ನಾನ ಕಥೆಗೆ ವಾಪಸ್ ಬರುತ್ತೇನೆ. ಅದೇ 1992ರ ಆಗಸ್ಟ್‌ನಲ್ಲಿ ಬೆಲ್ಜಿಯಂನಲ್ಲಿ ಅಭ್ಯಾಸ ನಡೆಯುವಾಗ ಫ್ರಾನ್ಸ್‌ನ ಎರಿಕ್ ಕೋಮಾ ಅಪಘಾತಕ್ಕೀಡಾಗಿ ಪ್ರಜ್ಞೆ ತಪ್ಪಿದ್ದ. ಅವನ ಕಾರಿನ ಎಂಜಿನ್ ಕಿರುಚುತ್ತಲೇ ಇತ್ತು. ಸೆನ್ನಾ ತನ್ನ ಕಾರು ನಿಲ್ಲಿಸಿ, ಬೇರೆ ಕಾರುಗಳು ಬರುತ್ತಿರುವ ರಸ್ತೆಯಲ್ಲೇ ಓಡಿ, ಎಂಜಿನ್ ಆರಿಸಿ, ವೈದ್ಯರು ಬರುವವರೆಗೆ ಅವನ ತಲೆ ಹಿಡಿದು ಕೂತ. ಸುಜುಕಾದಲ್ಲಿ ಕಾರು ನುಗ್ಗಿಸಿದವನೂ ಇವನೇ, ಇದನ್ನು ಮಾಡಿದವನೂ ಇವನೇ.

1993ರಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್‌ನ ಮಳೆಯಲ್ಲಿ ಐದನೇ ಸ್ಥಾನದಿಂದ ಒಂದೇ ಸುತ್ತಿನೊಳಗೆ ಮೊದಲ ಸ್ಥಾನಕ್ಕೆ ಬಂದ. ಮೊನಾಕೊದಲ್ಲಿ ಆ ವರ್ಷ ಗುರುವಾರದ ಅಭ್ಯಾಸದಲ್ಲಿ ಗುದ್ದಿ ಹೆಬ್ಬೆರಳಿಗೆ ಪೆಟ್ಟಾಗಿತ್ತು. ಮುಂದಿದ್ದ ಪ್ರಾಸ್ಟ್‌ಗೆ ಶುರುವಿನ ತಪ್ಪಿಗೆ ದಂಡ ಬಿತ್ತು, ಮೈಕೆಲ್ ಶೂಮಾಕರ್‌ನ ಕಾರು ಕೆಟ್ಟಿತು, ಸೆನ್ನಾ ಗೆದ್ದ. ಮೊನಾಕೊದಲ್ಲಿ ಆರನೇ ಗೆಲುವು, ಸತತ ಐದನೆಯದು. ಅದುವರೆಗೆ ಐದು ಗೆಲುವಿನ ದಾಖಲೆ ಇದ್ದದ್ದು ಗ್ರಹಾಂ ಹಿಲ್ ಹೆಸರಿನಲ್ಲಿ. ಅಂದು ಸೆನ್ನಾನ ಹಿಂದೆ ಎರಡನೆಯವನಾಗಿ ಬಂದವನು ಗ್ರಹಾಂ ಹಿಲ್‌ನ ಮಗ ಡೇಮನ್.

1994ಕ್ಕೆ ಸೆನ್ನಾ ವಿಲಿಯಮ್ಸ್ ತಂಡಕ್ಕೆ ಹೋದ. ಆ ವರ್ಷವೇ ಆ್ಯಕ್ಟಿವ್ ಸಸ್ಪೆನ್ಷನ್, ಟ್ರ್ಯಾಕ್ಷನ್ ಕಂಟ್ರೋಲ್‌ಗಳನ್ನೆಲ್ಲ ನಿಷೇಧಿಸಿದರು. ಅವುಗಳಿಲ್ಲದ ವಿಲಿಯಮ್ಸ್ ಹಿಡಿತಕ್ಕೆ ಸಿಗದ ಕುದುರೆಯಾಗಿತ್ತು. ಮೂರು ರೇಸ್‌ಗಳಲ್ಲೂ ಪೋಲ್ ಸ್ಥಾನ ಪಡೆದ, ಒಂದನ್ನೂ ಮುಗಿಸಲಿಲ್ಲ. ಮೂರನೆಯದು ಇಟಲಿಯ ಇಮೋಲಾದಲ್ಲಿ. ಶನಿವಾರ ಆಸ್ಟ್ರಿಯಾದ ರೋಲಂಡ್ ರಾಟ್ಜೆನ್‌ಬರ್ಗರ್ ಅರ್ಹತಾ ಸುತ್ತಿನಲ್ಲಿ ಸತ್ತ. ಭಾನುವಾರ, ಮೇ 1ರಂದು, ಏಳನೇ ಸುತ್ತಿನಲ್ಲಿ ತಾಂಬುರೆಲ್ಲೊ ತಿರುವಿನಲ್ಲಿ ಸೆನ್ನಾನ ಕಾರು ತಿರುಗದೆ ನೇರ ಗೋಡೆಗೆ ಹೋಯಿತು. ಅವನಿಗೆ 34 ವರ್ಷ. ಕಾರಿನೊಳಗೆ ಮಡಿಸಿಟ್ಟ ಆಸ್ಟ್ರಿಯಾದ ಬಾವುಟ ಸಿಕ್ಕಿತು. ರೇಸ್ ಮುಗಿದ ಮೇಲೆ ರಾಟ್ಜೆನ್‌ಬರ್ಗರ್‌ಗಾಗಿ ಹಾರಿಸಬೇಕೆಂದು ಇಟ್ಟುಕೊಂಡದ್ದು. ಸಾವೊ ಪೌಲೊದ ಬೀದಿಗಳಲ್ಲಿ ಲಕ್ಷಾಂತರ ಜನ ನಿಂತರು. ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಪ್ರಾಸ್ಟ್ ಕೂಡ ಇದ್ದ. ಅದೇ ವರ್ಷ ಅಕ್ಕ ವಿವಿಯಾನೆ ಅವನ ಹೆಸರಿನಲ್ಲಿ ಬ್ರೆಜಿಲ್‌ನ ಮಕ್ಕಳ ಓದಿಗಾಗಿ ಸಂಸ್ಥೆ ಕಟ್ಟಿದಳು.

ಇಮೋಲಾದ ನಂತರದ ರೇಸ್ ಮೊನಾಕೊದಲ್ಲೇ ಇತ್ತು, ಎರಡು ವಾರಕ್ಕೆ, ಮೇ 15ರಂದು. ಮೊದಲ ಸಾಲಿನ ಎರಡು ಜಾಗಗಳಲ್ಲಿ ಒಂದಕ್ಕೆ ಬ್ರೆಜಿಲ್‌ನ, ಇನ್ನೊಂದಕ್ಕೆ ಆಸ್ಟ್ರಿಯಾದ ಬಾವುಟ ಬಿಡಿಸಿ ಖಾಲಿ ಬಿಟ್ಟಿದ್ದರು. ಎಲ್ಲರಿಗಿಂತ ವೇಗದ ಸುತ್ತು ಹಾಕಿದ್ದ ಶೂಮಾಕರ್ ಎರಡನೇ ಸಾಲಿನಿಂದ ಹೊರಟ, 78 ಸುತ್ತನ್ನೂ ಮುಂದಿದ್ದೇ ಮುಗಿಸಿದ.